ಐದು ಸೋಮವಾರದ ನೇಮ

ಆದವಾನಿ ಕಡೆ ಊಟ ಬೇಡ ಅನ್ನುವುದು ಸುಲಭದ ಕೆಲಸವಲ್ಲ. ಹೊಟ್ಟೆ ತುಂಬಿದೆ ಅಂದರೆ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಮೈಗೆ ಹುಷಾರಿಲ್ಲ ಅಂದರೆ ಹೋಳಿಗೆ ತೆಗೆದು ಮಜ್ಜಿಗೆ ಅನ್ನ ಹಾಕುತ್ತಾರೆ, ಜೊತೆಗೆ ಏನಾಗಿದೆ, ಎಂದಿನಿಂದ, ಯಾವ ಡಾಕ್ಟರು ಎಂದು ಕೆದಕುತ್ತಾರೆ. ಅವಸರ ಅಂದರೆ ಡಬ್ಬಿ ಕಟ್ಟಿಕೊಡುತ್ತಾರೆ. ಈ ಜನರ ಕೈ ತಡೆಯುವ ಮಾತು ಒಂದೇ ಒಂದು: ‘ನೇಮ ಐತ್ರಿ.’ ಅಷ್ಟು ಅಂದರೆ ಸಾಕು, ಬಡಿಸುವವರು ಸೌಟು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ನೇಮ, ಯಾರ ಸಲುವಾಗಿ ಎಂದು ಯಾರೂ ಕೇಳುವುದಿಲ್ಲ. ನೇಮ ಹಿಡಿದವರನ್ನು ಉಣ್ಣು ಎಂದು ಒತ್ತಾಯ ಮಾಡಿದರೆ ಅದರ ಪಾಪ ಒತ್ತಾಯ ಮಾಡಿದವರಿಗೇ.

ಚೇತನಾ ಈ ಮಾತನ್ನು ಮೊದಲ ಸಲ ಆಡಿದ್ದು ಹೋದ ವರ್ಷ, ಮಾಧವರಂನ ಒಂದು ಗೃಹಪ್ರವೇಶದಲ್ಲಿ. ಅವಳಿಗೆ ಮೂವತ್ತೈದು ವರ್ಷ. ಹತ್ತಿ ಮಾರುಕಟ್ಟೆಯ ದಲ್ಲಾಳಿ ಉದಯಕುಮಾರನ ಹೆಂಡತಿ, ಪಂಪಮ್ಮನ ಸೊಸೆ. ಅಂದು ಪಂಕ್ತಿಯಲ್ಲಿ ಎಲ್ಲರೂ ಕುಳಿತಾಗ ಅವಳೊಬ್ಬಳೇ ಕಂಬಕ್ಕೆ ಒರಗಿ ನಿಂತಿದ್ದಳು. ಮನೆಯೊಡತಿ ಬಂದು ಕೈ ಹಿಡಿದು ಎಳೆದಳು. ಚೇತನಾಳ ಬಾಯಿಂದ ಆ ಎರಡು ಶಬ್ದ ಹೊರಬಿದ್ದವು. ಮನೆಯೊಡತಿ ಹಿಡಿದ ಕೈ ಬಿಟ್ಟು, ಅದೇ ಕೈಯನ್ನು ಕಣ್ಣಿಗೊತ್ತಿಕೊಂಡಳು. ಇಷ್ಟು ಸುಲಭವೇ ಎಂದು ಚೇತನಾಳಿಗೆ ಆಶ್ಚರ್ಯವಾಯಿತು.

ನೇಮವೂ ಇರಲಿಲ್ಲ, ಗೀಮವೂ ಇರಲಿಲ್ಲ. ಇದ್ದದ್ದು ದೊಡ್ಡ ಕರುಳಿನ ಒಳಗೆ ಹುಣ್ಣು. ಬಳ್ಳಾರಿಯ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿ ಅಲ್ಸರೇಟಿವ್ ಕೊಲೈಟಿಸ್ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ‘ಇದು ಪೂರಾ ಹೋಗುವ ಕಾಯಿಲೆ ಅಲ್ಲಮ್ಮ, ಆದರೆ ಔಷಧಿ ಬಿಡದಿದ್ದರೆ ನಿಮ್ಮ ಮಾತು ಕೇಳುತ್ತದೆ’ ಎಂದಿದ್ದರು. ಅದನ್ನು ಕೇಳಿದ್ದು ಗಂಡ ಹೆಂಡತಿ ಇಬ್ಬರೇ. ಬಳ್ಳಾರಿಯಿಂದ ಬರುವಾಗ ಉದಯಕುಮಾರ, ಊರು ಹತ್ತಿರ ಬಂದಾಗ, ‘ಮನ್ಯಾಗ ಗ್ಯಾಸ್ ಅಂತ ಹೇಳೋಣ. ಜನ ಏನೇನೋ ಅಂತಾರ’ ಅಂದ. ಅವಳೂ ತಲೆಯಾಡಿಸಿದಳು. ಅವನನ್ನೊಬ್ಬನನ್ನೇ ಬೈದು ಏನು ಬಂತು?

ನಾಚಿಕೆಗೂ ಒಂದು ಜಾತಿಭೇದವಿದೆ ನೋಡಿ. ಶುಗರ್ ಬಂದವರು ಮದುವೆ ಮನೆಯಲ್ಲಿ ತಮ್ಮ ತಮ್ಮ ನಂಬರು ಹೇಳಿ ಪೈಪೋಟಿ ಮಾಡುತ್ತಾರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ಅಂಗಿಯ ಗುಂಡಿ ಬಿಚ್ಚಿ ತೋರಿಸುವುದೊಂದು ಬಾಕಿ. ಅದೇ ಕಾಯಿಲೆ ಹೊಟ್ಟೆಯಿಂದ ಒಂದು ಗೇಣು ಕೆಳಗಿಳಿಯಲಿ, ನಾಲಿಗೆ ಒಣಗಿ ಹೋಗುತ್ತದೆ. ದಿನಕ್ಕೆ ಎಂಟು ಸಲ ಸಂಡಾಸಿಗೆ ಓಡುತ್ತೇನೆ, ರಕ್ತ ಬೀಳುತ್ತದೆ ಎಂದು ಯಾರ ಮುಂದೆ ಹೇಳುವುದು? ಹೆತ್ತ ತಾಯಿಯ ಮುಂದೆಯೂ ಚೇತನಾ ಹೇಳಿರಲಿಲ್ಲ.

ಗಂಡನಿಗೂ ಹೇಳದ ಸಂಗತಿ ಒಂದಿತ್ತು. ಮಾಧವರಂಗೆ ಹೋಗುವ ಮೂರು ತಿಂಗಳು ಮುಂಚೆ ಎಮ್ಮಿಗನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬೆಳಿಗ್ಗೆ ಎರಡು ದೋಸೆ ತಿಂದಿದ್ದಳು. ಊರು ಇನ್ನೇನು ಬಂತು ಅನ್ನುವಾಗ ಹೊಟ್ಟೆ ತಿರುಚಿಕೊಂಡಿತು. ಜನರನ್ನು ಸರಿಸಿಕೊಂಡು ಹೋಗಿ ಬಸ್ಸು ನಿಲ್ಲಿಸು ಎಂದು ಕಂಡಕ್ಟರನನ್ನು ಬೇಡಿದಳು. ‘ಪದಿ ನಿಮಿಷಾಲಮ್ಮಾ, ಸ್ಟ್ಯಾಂಡ್ ವಚ್ಚೇಸ್ತುಂದಿ’ ಅಂದ ಅವನು. ಹತ್ತು ನಿಮಿಷದಲ್ಲಿ ಸ್ಟ್ಯಾಂಡು ಬಂದೇ ಬಂತು, ಅವನು ಸುಳ್ಳು ಹೇಳಿರಲಿಲ್ಲ. ಆದರೆ ಐದನೆಯ ನಿಮಿಷಕ್ಕೇ ಅವಳ ಪಾಲಿಗೆ ಎಲ್ಲ ಮುಗಿದಿತ್ತು. ಶಾಲು ಸೊಂಟಕ್ಕೆ ಸುತ್ತಿಕೊಂಡು, ಎಲ್ಲರೂ ಇಳಿಯುವವರೆಗೆ ತಲೆ ತಗ್ಗಿಸಿ ನಿಂತು, ಆಮೇಲೆ ಹಿಂದಿನ ಓಣಿಗಳನ್ನು ಹಿಡಿದು ಮನೆಗೆ ನಡೆದಳು. ಆ ಸೀರೆಯನ್ನು ಒಗೆಯುವ ಮನಸ್ಸಾಗದೆ ಎಸೆದಳು. ‘ಬಸ್ಸಿನ ತಗಡಿಗೆ ಸಿಕ್ಕಿ ಹರೀತ್ರಿ’ ಅಂತ ಅತ್ತೆಗೆ ಹೇಳಿದಳು. ಚೆನ್ನಾಗಿತ್ತಲ್ಲೇ ಆ ಸೀರಿ ಎಂದು ಪಂಪಮ್ಮ ಒಂದು ವಾರ ಪೇಚಾಡಿದರು.

ಅಂದಿನಿಂದ ಚೇತನಾ ಖಾಲಿ ಹೊಟ್ಟೆಯನ್ನು ಬಿಟ್ಟು ಬೇರೆ ಯಾವುದನ್ನೂ ನಂಬಲಿಲ್ಲ. ಹೊರಗೆ ಹೊರಡುವ ದಿನ ಬೆಳಿಗ್ಗೆಯಿಂದ ಉಪವಾಸ. ನೀರು ಕೂಡ ತುಟಿ ಒದ್ದೆಯಾಗುವಷ್ಟೇ. ಎಲ್ಲಿಗೆ ಹೋದರೂ ಮೊದಲು ಸಂಡಾಸದ ಬಾಗಿಲು ಹುಡುಕುವುದು, ಅದರ ಹತ್ತಿರ ಕುಳಿತುಕೊಳ್ಳುವುದು. ಮಗಳು ಸುಷ್ಮಾ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದಾಗ ಇವಳು ಶಾಲೆಯ ಹಿಂಭಾಗದಲ್ಲಿ, ಟಾಯ್ಲೆಟ್ಟಿನ ಗೋಡೆಯ ಪಕ್ಕ ನಿಂತು ಬರೀ ಹಾಡು ಕೇಳಿಸಿಕೊಂಡಳು. ‘ಅಮ್ಮಾ, ನಾ ಹೆಂಗ ಕುಣಿದೆ?’ ಎಂದು ಮಗಳು ಕೇಳಿದಾಗ, ‘ಎಲ್ಲಾರಕಿಂತ ಚಲೋ’ ಅಂದಳು. ಅಂದು ಅಡುಗೆಮನೆಯ ನಲ್ಲಿ ತಿರುವಿಟ್ಟು ಅತ್ತಳು. ತಾನೊಂದು ಹೊಲಸು ಗಂಟು, ಈ ಮನೆಯವರು ಗೊತ್ತಿಲ್ಲದೆ ಇಟ್ಟುಕೊಂಡಿದ್ದಾರೆ ಎಂದು ಅವಳಿಗೆ ಅನಿಸತೊಡಗಿತ್ತು.

ಇಂಥವಳಿಗೆ ಊರು ಕಿರೀಟ ತೊಡಿಸಿತು. ಮಾಧವರಂನ ನೇಮದ ಸುದ್ದಿ ಅವಳಿಗಿಂತ ಮುಂಚೆ ಆದವಾನಿಗೆ ಬಂದಿತ್ತು. ಚೇತನಮ್ಮ ಪರರ ಮನೆಯಲ್ಲಿ ಹನಿ ನೀರು ಮುಟ್ಟುವುದಿಲ್ಲವಂತೆ, ಊರು ದಾಟಿದರೆ ಉಪವಾಸವಂತೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಅದೇ ಹೊತ್ತಿಗೆ ಡಾಕ್ಟರು ಸ್ಟಿರಾಯ್ಡ್ ಗುಳಿಗೆ ಶುರುಮಾಡಿದ್ದರು. ಆ ಗುಳಿಗೆಯ ಗುಣವೇ ಹಾಗೆ, ಮುಖ ಊದಿಕೊಂಡು ಗುಂಡಗಾಯಿತು, ಕೆನ್ನೆ ಕೆಂಪಗಾಯಿತು. ಓಣಿಯ ಹೆಂಗಸರು ಬೆರಗಾದರು. ‘ಉಣ್ಣಂಗಿಲ್ಲ, ತಿನ್ನಂಗಿಲ್ಲ, ಮುಖ ನೋಡ್ರಿ ಹೆಂಗ ತುಂಬೈತಿ! ನೇಮದ ಕಳೆ ಅಂದ್ರ ಇದs ನೋಡ್ರಿ’ ಅಂದರು. ಕನ್ನಡಿಯಲ್ಲಿ ತನ್ನ ಮುಖ ನೋಡಲು ಅಸಹ್ಯಪಡುತ್ತಿದ್ದ ಚೇತನಾ ಈ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಎದ್ದು ಹೋದಳು. ಜಪಕ್ಕೆ ಹೋದಳು ಎಂದು ಅದಕ್ಕೂ ಅರ್ಥ ಹಚ್ಚಿದರು.

ಗುಳಿಗೆಗಳನ್ನು ಅವಳು ಇಡುತ್ತಿದ್ದದ್ದು ದೇವರ ಕೋಣೆಯಲ್ಲಿ, ತವರಿನಿಂದ ತಂದ ಹಿತ್ತಾಳೆಯ ವಿಭೂತಿ ಕರಡಿಗೆಯಲ್ಲಿ. ನೇಮದವಳ ಕರಡಿಗೆಯನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕಿಂತ ಭದ್ರವಾದ ಜಾಗ ಆ ಮನೆಯಲ್ಲಿ ಬೇರೆ ಇರಲಿಲ್ಲ. ಮೇಲೊಂದು ವಿಭೂತಿ ಗಟ್ಟಿ, ಕೆಳಗೆ ಗುಳಿಗೆಯ ಪಟ್ಟಿಗಳು.

ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಶ್ರಾವಣದ ಕೊನೆಯ ಸೋಮವಾರ, ನಾಲ್ಕು ಮಂದಿ ಹೆಂಗಸರ ಎದುರಿಗೆ, ಅರವತ್ತೆಂಟು ವರ್ಷದ ಪಂಪಮ್ಮ ಸೊಸೆಯ ಮುಂದೆ ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ‘ವಯಸ್ಸು ನೋಡಬಾರ್ದು ತಾಯಿ, ನೇಮ ನೋಡ್ಬೇಕು’ ಅಂದರು. ಅತ್ತೆಯ ಬೆರಳು ಪಾದಕ್ಕೆ ತಾಗಿದಾಗ ಚೇತನಾಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕಾಲು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಅದಾದ ಮೇಲೆ ಒಂದು ಮಧ್ಯಾಹ್ನ ಗೋನೆಗಂಡ್ಲದಿಂದ ಗುರುಶಾಂತಮ್ಮನ ಫೋನು ಬಂತು. ಗುರುಶಾಂತಮ್ಮ ಪಂಪಮ್ಮನ ಚಿಕ್ಕಪ್ಪನ ಮಗಳು, ಹೊಲಮನೆ ಇದ್ದ ಗಟ್ಟಿಗಿತ್ತಿ. ಚೇತನಾ ಅವಳನ್ನು ಸಣ್ಣತ್ತೆ ಎಂದು ಕರೆಯುತ್ತಿದ್ದಳು.

‘ನಮ್ಮ ಹಾರಿಕಾಗ ಹೊಟ್ಟಿ ಸರಿ ಇಲ್ಲವ್ವಾ, ಆರು ತಿಂಗಳಾತು’ ಅಂದಳು ಗುರುಶಾಂತಮ್ಮ. ‘ಕರ್ನೂಲಾಗ ತೋರ್ಸೀವಿ. ಗುಳಿಗಿ ಮ್ಯಾಲೆ ಗುಳಿಗಿ. ಹುಡುಗಿ ಕಾಲೇಜಿಗೆ ಹೋಗಾಕ ಒಲ್ಲೆ ಅಂತಾಳ, ಯಾರ್ ಕೂಡಾನೂ ಮಾತಾಡಂಗಿಲ್ಲ. ನೋಡಾಕ ಬರೋ ಗಂಡಿನ ಮನಿಯವ್ರಿಗೆ ಏನಂತ ಹೇಳಲಿ? ನಿನ್ನಂಗ ಐದು ಸೋಮವಾರ ನೇಮ ಹಿಡಸ್ತೀನಿ. ಹೆಂಗ ಮಾಡ್ಬೇಕು ಹೇಳು. ನೇಮದಾಗ ಗುಳಿಗಿ ನಡೀತಾವೇನು?’

ಇದು ತನ್ನದೇ ಕಾಯಿಲೆ ಎಂದು ಚೇತನಾಳಿಗೆ ಥಟ್ಟನೆ ಹೊಳೆದುಬಿಟ್ಟಿತು. ಕಾಲೇಜಿಗೆ ಹೋಗದಿರುವುದು, ಮಾತು ಬಿಟ್ಟಿರುವುದು. ‘ರಕ್ತ ಬೀಳ್ತೈತಾ’ ಎಂಬ ಒಂದೇ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಸಣ್ಣತ್ತೆ ಕೇಳುತ್ತಾಳೆ. ಆಮೇಲೆ ಗೋನೆಗಂಡ್ಲದಿಂದ ಆದವಾನಿಗೆ ಸುದ್ದಿ ಬರಲು ಬಸ್ಸು ಬೇಕಿಲ್ಲ.

‘ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ, ಸಣ್ಣತ್ತಿ’ ಅಂದಳು. ‘ಎಲ್ಲಾ ದೇವರ ಇಚ್ಛಾ.’

ಫೋನು ಇಟ್ಟ ಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆ ಏನೋ ಇರಬಹುದು, ಆ ವಯಸ್ಸಿನ ಹುಡುಗಿಯರಿಗೆ ಹೊಟ್ಟೆನೋವು ಇದ್ದದ್ದೇ. ಐದು ವಾರ ಹಾಗೆಯೇ ಕಳೆದವು. ಪ್ರತಿ ಸೋಮವಾರ ಬೆಳಿಗ್ಗೆ ಕರಡಿಗೆಯಿಂದ ತನ್ನ ಗುಳಿಗೆ ತೆಗೆದು ನುಂಗುವಾಗ ಆ ಹುಡುಗಿಯ ಹೆಸರು ನೆನಪಾಗುತ್ತಿತ್ತು. ಫೋನು ಮಾತ್ರ ಮಾಡಲಿಲ್ಲ.

ಐದನೆಯ ಸೋಮವಾರ ಗುರುಶಾಂತಮ್ಮ ಮಗಳನ್ನು ಕರೆದುಕೊಂಡು ಆದವಾನಿಗೇ ಬಂದಿಳಿದಳು. ಮೊದಲೇ ನೇಮ ಹಿಡಿದು ಫಲ ಕಂಡವರ ಕೈಯಿಂದಲೇ ನೇಮ ಬಿಡಿಸಬೇಕು, ಅವರೇ ವಿಭೂತಿ ಹಚ್ಚಿ ಮೊದಲ ತುತ್ತು ಕೊಡಬೇಕು ಎಂದು ಯಾರೋ ಹೇಳಿದ್ದರಂತೆ. ಪಂಪಮ್ಮ ಹಿಗ್ಗಿಹೋಗಿ ಬೆಳಿಗ್ಗೆ ಏಳಕ್ಕೇ ಹೂರಣ ರುಬ್ಬಿಸಿದ್ದರು. ಓಣಿಯ ಮೂವರು ಹೆಂಗಸರನ್ನೂ ಕರೆದಿದ್ದರು. ಉದಯಕುಮಾರ ಮಾರುಕಟ್ಟೆಗೆ ಹೋಗಿದ್ದ, ಸುಷ್ಮಾ ಶಾಲೆಗೆ.

ಹಾರಿಕಾಗೆ ಇಪ್ಪತ್ತು ವರ್ಷ. ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಅವಳ ಕಣ್ಣು ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿನ ಬಾಗಿಲಿಗೆ ಹೋಗಿ ನಿಂತಿತು. ಬೇರೆ ಯಾರಿಗೂ ಅದು ಕಾಣಲಿಲ್ಲ. ಚೇತನಾಳಿಗೆ ಕಂಡಿತು. ಎರಡು ವರ್ಷದಿಂದ ಯಾರ ಮನೆಗೆ ಹೋದರೂ ತನ್ನ ಕಣ್ಣು ಮಾಡುವ ಕೆಲಸ ಅದು.

ಚಹಾ ಆಗುವುದರೊಳಗೆ ಹುಡುಗಿ ಎರಡು ಸಲ ಹಿತ್ತಲಿಗೆ ಹೋಗಿಬಂದಳು. ಮೂರನೆಯ ಸಲ ಹೋದಾಗ ಚೇತನಾ ಬೆನ್ನ ಹಿಂದೆಯೇ ಹೋದಳು. ಹಾರಿಕಾ ಹೊರಬಂದು ಗೋಡೆ ಹಿಡಿದು ನಿಂತಳು. ಮುಖ ಸುಣ್ಣ ಬಳಿದಂತಿತ್ತು. ಹಣೆ ಮುಟ್ಟಿದರೆ ಕಾದ ಹೆಂಚು.

‘ವದಿನಾ, ಅಮ್ಮಗ ಹೇಳಬ್ಯಾಡ್ರಿ’ ಅಂದಳು. ತೆಲುಗು ಮೀಡಿಯಂನಲ್ಲಿ ಓದಿದ ಹುಡುಗಿ, ಅತ್ತಿಗೆಗೆ ವದಿನಾ ಎಂದೇ ಅಭ್ಯಾಸ. ‘ಬರೇ ರಕ್ತನs ಬರ್ತೈತಿ. ನಿನ್ನೆಯಿಂದ ಹದಿನೈದು ಸಲ ಆತು. ಇವತ್ತೊಂದಿನ ತಡಕಂತೀನಿ. ಇವತ್ತ ಐದನೇದು ಕದಾ, ಮುಗಿದ್ರ ವಾಸಿ ಆಕ್ಕೈತಿ.’

‘ಗುಳಿಗಿ ತಗಳ್ತಿಯಿಲ್ಲ?’

‘ಐದು ವಾರ ಆತು ಬಿಟ್ಟು. ಸ್ಟಿರಾಯ್ಡ್ ಒಂದs ಸಲಕ್ಕ ಬಿಡಬಾರ್ದು ಅಂತ ಕರ್ನೂಲ್ ಡಾಕ್ಟರು ಹೇಳಿದ್ರು. ಅಮ್ಮ ಕೇಳಲಿಲ್ಲ. ನೇಮದಾಗ ಗುಳಿಗಿ ನುಂಗಿದ್ರ ಫಲ ಸಿಗಂಗಿಲ್ಲಂತ.’ ಹುಡುಗಿ ಉಸಿರು ತೆಗೆದುಕೊಂಡು ಚೇತನಾಳ ಮುಖ ನೋಡಿದಳು. ‘ನೀವೂ ಏನೂ ತಗಳದನs ಇಷ್ಟು ಚಲೋ ಆಗೀರಲ್ಲಾ ವದಿನಾ.’

ಯಾರೋ ಚೇತನಾಳ ಕೆನ್ನೆಗೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ತಾನು ನುಂಗಿದ ಒಂದು ಪ್ರಶ್ನೆ ಈ ಹುಡುಗಿಯ ಮೈಯಿಂದ ರಕ್ತವಾಗಿ ಹರಿಯುತ್ತಿದೆ.

ಆಗಲೂ ಅವಳು ಒಂದು ಸಣ್ಣ ಸಂದಿ ಹುಡುಕಿದಳು. ನಾಚಿಕೆ ಅಷ್ಟು ಬೇಗ ಸಾಯುವ ಪ್ರಾಣಿಯಲ್ಲ. ಗುರುಶಾಂತಮ್ಮನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: ‘ಸಣ್ಣತ್ತಿ, ಹುಡುಗಿಗೆ ಜ್ವರ ಭಾಳ ಅದಾವ. ಈಗಿಂದೀಗ ಬಳ್ಳಾರಿಗೆ ಕರ್ಕೊಂಡು ಹೋಗಣ. ನೇಮ ಆಮ್ಯಾಲೆ ಬಿಡ್ಸಿದ್ರಾತು.’

‘ಏನಂತಿ ಚೇತನಾ? ನಡುವ ಮುರದ್ರ ಐದು ವಾರದ್ದೂ ಹೊಳ್ಯಾಗ ಹುಣಸಿಹಣ್ಣು ತೊಳದಂಗ’ ಅಂದಳು ಗುರುಶಾಂತಮ್ಮ. ‘ಜ್ವರ ಅಂದ್ರ ಒಳಗಿನ ಬ್ಯಾನಿ ಹೊರಗ ಬೀಳಾಕ ಹತ್ತೈತಿ. ನೀ ಒಂದು ತುತ್ತು ಬಾಯಿಗೆ ಹಾಕು. ನಿನ್ನ ಕೈಗುಣ ನಂಬಿ ಬಂದೀನಿ. ನಾಡದು ತಾನs ಎದ್ದು ಓಡ್ಯಾಡ್ತಾಳ.’

‘ಡಾಕ್ಟರ್ ಏನಂತಾರಂದ್ರ...’

‘ಡಾಕ್ಟರ್ ಸುದ್ದಿ ನೀನs ಹೇಳ್ತೀಯಾ?’ ಗುರುಶಾಂತಮ್ಮ ನಕ್ಕಳು. ‘ನಿನ್ನ ಮುಖಾನ ಹೇಳ್ತೈತಲ್ಲವ್ವಾ ಎಲ್ಲಾ.’

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳಂತೆ ಚೇತನಾ ಪಡಸಾಲೆಗೆ ಬಂದಳು. ಮಣೆ ಹಾಕಿತ್ತು. ಹಾರಿಕಾ ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡು ಅದರ ಮೇಲೆ ಕುಳಿತಿದ್ದಳು. ಮುಂದೆ ಬಾಳೆಲೆ, ಎಲೆಯಲ್ಲಿ ತುಪ್ಪ ಸುರಿದ ಹೋಳಿಗೆ. ಪಂಪಮ್ಮ ಹೊಸ ಸೀರೆ ಉಟ್ಟು ಪಕ್ಕದಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ‘ನಿನ್ನ ಕರಡಿಗಿ ತಗೊಂಡು ಬಾರವ್ವ’ ಅಂದರು.

ದೇವರ ಕೋಣೆಯಲ್ಲಿ ಕರಡಿಗೆ ಕೈಗೆ ತೆಗೆದುಕೊಂಡಾಗ ಒಳಗೆ ಪಟ್ಟಿಗಳು ಚರಕ್ ಅಂದವು. ಮೇಲಿನ ಗಟ್ಟಿಯಿಂದ ಒಂದು ಬೊಟ್ಟು ವಿಭೂತಿ ಹಚ್ಚಿ, ಒಂದು ತುತ್ತು ಕೊಟ್ಟುಬಿಟ್ಟರೆ ಐದು ನಿಮಿಷದ ಕೆಲಸ. ಹುಡುಗಿ ತಾಯಿಯ ಜೊತೆ ಊರಿಗೆ ಹೋಗುತ್ತಾಳೆ. ಅಲ್ಲಿ ಏನಾದರೂ ಆದರೆ ದೇವರ ಇಚ್ಛೆ. ತನ್ನ ತಲೆಯೊಳಗೆ ಈ ಲೆಕ್ಕಾಚಾರ ನಡೆಯುತ್ತಿದೆ ಎಂದು ಅರಿವಾದಾಗ ಚೇತನಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊರಗೆ ಬಂದು ಹಾರಿಕಾಳ ಎದುರು ಕುಳಿತಳು. ಕರಡಿಗೆಯ ಮುಚ್ಚಳ ತೆಗೆದು, ನೆಲದ ಮೇಲೆ ಬೋರಲು ಹಾಕಿದಳು. ವಿಭೂತಿ ಗಟ್ಟಿ ಒಡೆದು ಎರಡು ಹೋಳಾಯಿತು. ಗುಳಿಗೆಯ ಪಟ್ಟಿಗಳು ಬಾಳೆಲೆಯವರೆಗೆ ಜಾರಿದವು.

‘ನಾ ಯಾವ ನೇಮಾನೂ ಹಿಡದಿಲ್ಲ’ ಅಂದಳು.

ತಡೆಯದೆ ಮುಂದುವರಿಸಿದಳು. ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವ ಧೈರ್ಯ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

‘ಈಕಿದೇನು ಬ್ಯಾನಿ ಐತಿ, ನಂದೂ ಅದs ಬ್ಯಾನಿ. ಕರುಳಾಗ ಹುಣ್ಣು. ಸಂಡಾಸದಾಗ ರಕ್ತ ಹೋಗ್ತೈತಿ. ದಿನಾ ಎರಡ್ಹೊತ್ತು ಈ ಗುಳಿಗಿ ನುಂಗ್ತೀನಿ, ಇವತ್ತೂ ನುಂಗೀನಿ. ಉಂಡ್ರ ದಾರ್ಯಾಗ ಆಕ್ಕೈತಿ ಅಂತ ಹೆದರಿ ಊಟ ಬಿಟ್ಟೆ. ಕೇಳಿದೋರಿಗೆ ನೇಮ ಅಂದೆ. ಒಮ್ಮೆ ಬಸ್ಸಿನ್ಯಾಗ...’ ಅತ್ತೆಯ ಕಡೆ ತಿರುಗಿದಳು. ‘ಒಮ್ಮೆ ಬಸ್ಸಿನ್ಯಾಗ, ಎಲ್ಲಾರ ನಡುವ, ಸೀರ್ಯಾಗನs ಆತು. ಅತ್ತಿ, ಆ ಸೀರಿ ಹರದಿರಲಿಲ್ರಿ. ನನ್ನ ಮುಖ ಊದಿದ್ದು ಗುಳಿಗಿಗೆ. ಕಳೆನೂ ಅಲ್ಲ, ಏನೂ ಅಲ್ಲ. ಸಣ್ಣತ್ತಿ, ಈಗ ಈಕೀನ ದವಾಖಾನಿಗೆ ಒಯ್ಯದಿದ್ರ ಹುಡುಗಿ ಉಳ್ಯಂಗಿಲ್ಲ.’

ಓಣಿಯ ಹೆಂಗಸೊಬ್ಬಳು ಸೆರಗನ್ನು ಮೆಲ್ಲಗೆ ಮೂಗಿಗೆ ತಂದುಕೊಂಡಳು, ಈಗಷ್ಟೇ ವಾಸನೆ ಬಡಿದವಳ ಹಾಗೆ. ನಿನ್ನೆಯವರೆಗೆ ಅವಳೇ ಚೇತನಾಳ ಕೈಯಿಂದ ತನ್ನ ಮೊಮ್ಮಗನ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದಳು. ಚೇತನಾ ಅದನ್ನು ನೋಡಿದಳು. ಎರಡು ವರ್ಷ ಯಾವುದಕ್ಕೆ ಹೆದರಿ ಬದುಕಿದ್ದಳೋ ಅದು ಆ ಸೆರಗಿನ ತುದಿಯಲ್ಲಿತ್ತು.

ಗುರುಶಾಂತಮ್ಮ ಇದ್ದಲ್ಲೇ ಕುಸಿದಳು. ‘ಹಂಗಂದ್ರ ನಾ ನನ್ನ ಮಗಳಿಗೆ ಏನು ಮಾಡಿಬಿಟ್ಟೆ? ಅಯ್ಯೋ ದೇವುಡಾ, ಏನು ಮಾಡಿಬಿಟ್ಟೆ?’ ಎಂದು ಹಣೆ ಬಡಿದುಕೊಂಡಳು. ಪಂಪಮ್ಮ ಬಗ್ಗಿ ಹುಡುಗಿಯ ಮುಂದಿನ ಎಲೆ ಎತ್ತಿದರು. ಒಳಗೆ ಹೋಗಿ ಎಲೆ ಇಟ್ಟು ಬಂದು, ‘ದಸ್ತಗಿರಿಗೆ ಫೋನ್ ಹಚ್ಚು. ಕಾರು ತರಲಿ’ ಅಂದರು. ಸೊಸೆಯ ಮುಖ ನೋಡಲಿಲ್ಲ.

ದಸ್ತಗಿರಿ ಓಣಿಯ ಬಾಡಿಗೆ ಕಾರಿನವನು. ಹತ್ತು ನಿಮಿಷದಲ್ಲಿ ಬಂದ. ಪಂಪಮ್ಮ ಮುಂದಿನ ಸೀಟಿನಲ್ಲಿ, ಹಿಂದೆ ಹಾರಿಕಾಳನ್ನು ನಡುವೆ ಮಾಡಿಕೊಂಡು ಗುರುಶಾಂತಮ್ಮ ಮತ್ತು ಚೇತನಾ. ಆಲೂರು ದಾಟುವವರೆಗೆ ಗುರುಶಾಂತಮ್ಮ ಬಿಕ್ಕುತ್ತಲೇ ಇದ್ದಳು. ಆಮೇಲೆ ಹಾರಿಕಾ ಚೇತನಾಳ ಮುಂಗೈ ಹಿಡಿದು ಉಗುರು ಊರಿದಳು. ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

‘ದಸ್ತಗಿರಿ, ಮುಂದಿನ ತಿರುವಿನ್ಯಾಗ ಪೆಟ್ರೋಲ್ ಬಂಕ್ ಐತಿ, ನಿಲ್ಸು’ ಅಂದಳು ಚೇತನಾ. ‘ಸಂಡಾಸ ಹಿಂದ್ಗಡೆ ಐತಿ, ಬೀಗ ಹಾಕಿರ್ತಾರ. ಬೀಗದ ಕೈ ಗಾಲಿಗೆ ಹವಾ ಹಾಕೋನ ಹತ್ರ ಇರ್ತೈತಿ. ನೀರು ಬರಂಗಿಲ್ಲ, ಕಾರಿನ್ಯಾಗಿನ ನೀರಿನ ಕ್ಯಾನ್ ತಗಂಡು ಹೋಗ್ಬೇಕು.’

ಪಂಪಮ್ಮ ಹಿಂದಕ್ಕೆ ಹೊರಳಿ ಸೊಸೆಯನ್ನು ನೋಡಿದರು. ಮನೆಯಿಂದ ಹೊರಟ ಮೇಲೆ ಅದೇ ಮೊದಲು. ಈ ದಾರಿಯನ್ನು ಇಷ್ಟು ಕಲಿಯಬೇಕಾದರೆ ಇವಳು ಎಷ್ಟು ಸಲ, ಹೇಗೆ ಹೋಗಿ ಬಂದಿರಬೇಕು ಎಂದು ಲೆಕ್ಕ ಹಾಕುತ್ತಿದ್ದಂತಿತ್ತು ಆ ನೋಟ. ಕಾರು ನಿಲ್ಲುವ ಮುಂಚೆಯೇ ಅವರು ಬಾಗಿಲು ತೆಗೆದು ಇಳಿದರು. ಮಂಡಿನೋವಿನ ಮುದುಕಿ, ಡೀಸೆಲ್ ಹಾಕಿಸಿಕೊಳ್ಳುತ್ತಿದ್ದ ಲಾರಿಗಳ ನಡುವೆ ಸೀರೆ ಎತ್ತಿ ಹಿಡಿದು ನಡೆದರು.

‘ಏ ತಮ್ಮಾ! ಸಂಡಾಸದ ಬೀಗದ ಕೈ ಕೊಡು ಲಗು. ನಮ್ಮ ಹುಡುಗ್ಯಾರಿಗೆ ಕರುಳಿನ ಬ್ಯಾನಿ ಐತಿ!’

ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚೇತನಾಳಿಗೆ ಕಿವಿಯವರೆಗೆ ಬಿಸಿಯೇರಿತು. ಹುಡುಗಿಯ ತೋಳು ಹಿಡಿದು, ನೀರಿನ ಕ್ಯಾನು ಎತ್ತಿಕೊಂಡು, ಅಷ್ಟೂ ಕಣ್ಣುಗಳ ನಡುವೆ ನಡೆದಳು. ಸಂಡಾಸದ ಬಾಗಿಲಿಗೆ ಒಳಗಿನ ಅಗುಳಿ ಇರಲಿಲ್ಲ. ಪಂಪಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಮತ್ತೆ ಕಾರು ಹೊರಟು, ಹಗರಿಯ ಸೇತುವೆ ಬಂದಾಗ, ಮುಂದಿನ ಗಾಜು ನೋಡುತ್ತಲೇ ಪಂಪಮ್ಮ ಅಂದರು: ‘ನಿನ್ನ ಕಾಲು ಮುಟ್ಟಿದ್ದೆ ನಾನು.’

ಅಷ್ಟೇ. ಬೈದಿದ್ದರೆ ಚೇತನಾ ಅತ್ತು ಹಗುರಾಗುತ್ತಿದ್ದಳು. ಅವರು ಬೈಯಲಿಲ್ಲ.

ಬಳ್ಳಾರಿಯಲ್ಲಿ ಹಾರಿಕಾಳನ್ನು ನೇರವಾಗಿ ಒಳಗೆ ಸೇರಿಸಿಕೊಂಡರು. ಕರುಳು ಉಬ್ಬಿಕೊಂಡಿದೆ, ಇನ್ನೆರಡು ದಿನ ತಡವಾಗಿದ್ದರೆ ಒಡೆಯುತ್ತಿತ್ತು ಎಂದು ಡಾಕ್ಟರು ಗುರುಶಾಂತಮ್ಮನನ್ನು ಎಲ್ಲರೆದುರು ಗದರಿದರು. ಎರಡು ಬಾಟಲಿ ರಕ್ತ ಕೊಟ್ಟರು, ಸಲೈನ್ ಹಚ್ಚಿದರು, ಸ್ಟಿರಾಯ್ಡ್ ಇಂಜೆಕ್ಷನ್ ಶುರುಮಾಡಿದರು. ಮೂರು ದಿನದಲ್ಲಿ ಕೇಳದಿದ್ದರೆ ಆಪರೇಷನ್ ಎಂದೂ ಹೇಳಿದರು. ಚೇತನಾ ಊರಿಗೆ ಮರಳಲಿಲ್ಲ. ಇರು ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಉದಯಕುಮಾರ ಫೋನು ಮಾಡಿ, ‘ಊರ ತುಂಬ ಗೊತ್ತಾಗೈತಿ’ ಅಂದ. ‘ಆಗ್ಲಿ ಬಿಡ್ರಿ’ ಅಂದಳು. ಅಷ್ಟು ಸಲೀಸಾಗಿ ಹೇಳಿದ್ದು ಮಾತ್ರ ಸುಳ್ಳು. ಫೋನು ಇಟ್ಟ ಮೇಲೆ ವರಾಂಡದ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕುಳಿತಿದ್ದಳು.

ಮೂರನೆಯ ದಿನ ಜ್ವರ ಇಳಿಯಿತು. ರಕ್ತ ಕಡಿಮೆಯಾಗಿದೆ, ಆಪರೇಷನ್ ಬೇಡ ಎಂದರು ಡಾಕ್ಟರು. ಅಂದು ಮಧ್ಯಾಹ್ನ ಗುರುಶಾಂತಮ್ಮನನ್ನು ಕರೆದುಕೊಂಡು ಪಂಪಮ್ಮ ಊಟಕ್ಕೆ ಕೆಳಗೆ ಹೋಗಿದ್ದರು. ಹಾರಿಕಾ ಕಣ್ಣು ಬಿಟ್ಟುಕೊಂಡು ತಾರಸಿ ನೋಡುತ್ತಿದ್ದಳು.

‘ವದಿನಾ.’

‘ಏನವ್ವಾ?’

‘ಅವತ್ತ ಅಮ್ಮ ಫೋನ್ ಮಾಡಿದಾಗ ನಾ ಬಾಜೂಕನs ಕುಂತಿದ್ದೆ. ಸ್ಪೀಕರ್ ಹಾಕಿದ್ಳು.’ ಹುಡುಗಿ ತಲೆ ಇತ್ತ ತಿರುಗಿಸಿದಳು. ‘ಗುಳಿಗಿ ನಡೀತಾವೇನು ಅಂತ ಕೇಳಿದ್ಳಲ್ಲ, ಆವಾಗ ನಿಮಗ ಗೊತ್ತಿತ್ತೇನು, ನನಗ ಇದs ಐತಿ ಅಂತ?’

ಇಲ್ಲ ಅನ್ನಬಹುದಿತ್ತು. ಯಾರಿಗೂ ಪುರಾವೆ ಇರಲಿಲ್ಲ. ಫೋನಿನಲ್ಲಿ ಯಾರಿಗೆ ಏನು ತಿಳಿಯುತ್ತದೆ ಅಂದಿದ್ದರೆ ಹುಡುಗಿ ನಂಬುತ್ತಿದ್ದಳು, ಬಹುಶಃ ನಂಬಲು ಕಾಯುತ್ತಲೂ ಇದ್ದಳು.

‘ಗೊತ್ತಿತ್ತು’ ಅಂದಳು ಚೇತನಾ. ‘ಕೇಳಿದ್ರ ನಂದು ಬಯಲಾಕ್ಕೈತಿ ಅಂತ ಸುಮ್ಮನಾದೆ.’

ಹಾರಿಕಾಳ ಕಣ್ಣಲ್ಲಿ ನೀರು ತುಂಬಿ, ಕಿವಿಯ ಕಡೆ ಹರಿದು, ದಿಂಬಿಗೆ ಇಳಿಯಿತು. ಪರವಾಗಿಲ್ಲ ಅನ್ನಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಚೇತನಾ ಕುರ್ಚಿಯಿಂದ ಏಳಲಿಲ್ಲ. ಎದ್ದು ಹೋಗುವ ಹಕ್ಕು ತನಗಿಲ್ಲ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಹೊಟ್ಟೆ ಹಿಡಿದು ಎದ್ದು ಕುಳಿತಳು. ಬಾಗಿಲ ಕಡೆ ನೋಡಿದಳು. ತಾಯಿ ಇನ್ನೂ ಬಂದಿರಲಿಲ್ಲ.

‘ನಾ ಹೋಗ್ಬೇಕು’ ಅಂದಳು, ಗೋಡೆಗೆ ಹೇಳುವವಳ ಹಾಗೆ.

ಚೇತನಾ ಎದ್ದು ಸಲೈನ್ ಬಾಟಲಿಯನ್ನು ಕೊಕ್ಕೆಯಿಂದ ಬಿಡಿಸಿ ಒಂದು ಕೈಯಲ್ಲಿ ಎತ್ತಿ ಹಿಡಿದಳು, ಇನ್ನೊಂದು ಕೈ ಮುಂದೆ ಚಾಚಿದಳು. ಹಾರಿಕಾ ಆ ಕೈಯನ್ನು ಒಂದು ಕ್ಷಣ ನೋಡಿ, ಹಿಡಿದುಕೊಂಡಳು. ವಾರ್ಡಿನ ತುಂಬ ಜನ ನೋಡುತ್ತಿದ್ದರು. ಇಬ್ಬರೂ ಮೆಲ್ಲಗೆ ಸಂಡಾಸದ ಕಡೆ ನಡೆದರು.